ಉತ್ತರದ ನಾಡುಗಳು ಒಂದಾಗಿದ್ದರೆ?

ಇತಿಹಾಸಕಾರನಿಗೂ ವ್ಯಾಕರಣಕಾರನಿಗೂ ಒಂದು ಹಳೆಯ ವ್ಯಾಜ್ಯವಿದೆ. ‘ಬಂದರೆ’, ‘ಆಗಿದ್ದರೆ’ ಎಂಬ ಪಕ್ಷಾರ್ಥಕ ರೂಪಗಳಿಗೆ ವ್ಯಾಕರಣದಲ್ಲಿ ಗೌರವದ ಸ್ಥಾನವುಂಟು. ಇತಿಹಾಸದಲ್ಲಿ ಅವಕ್ಕೆ ಪ್ರವೇಶವಿಲ್ಲ. ನಡೆದುದನ್ನು ಹೇಳು, ನಡೆಯದುದನ್ನು ಕವಿಗೆ ಬಿಡು ಎಂಬುದು ಅಲ್ಲಿಯ ಕಟ್ಟಳೆ. ಆದರೂ ನಡೆಯದೆ ಹೋದುದನ್ನು ಕುರಿತು ತುಸು ಯೋಚಿಸದೆ ನಡೆದುದರ ಅರ್ಥ ಪೂರ್ತಿಯಾಗಿ ತಿಳಿಯದು. ಅಂಥದೊಂದು ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ: ಎರಡನೆಯ ಮಹಾಯುದ್ಧದ ವೇಳೆಗೆ ಯೂರೋಪಿನ ಉತ್ತರದ ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಫಿನ್‌ಲೆಂಡ್ ದೇಶಗಳು ಒಂದೇ ರಾಜ್ಯವಾಗಿದ್ದರೆ ಏನಾಗುತ್ತಿತ್ತು?

ಇದು ಕೇವಲ ಹಗಲುಗನಸಲ್ಲ. ಅವು ಒಮ್ಮೆ ಒಂದಾಗಿದ್ದುವು. 1397ರಲ್ಲಿ ಸ್ವೀಡನ್ನಿನ ಕಾಲ್ಮಾರ್ ಪಟ್ಟಣದಲ್ಲಿ ಮಾರ್ಗರೇಟ್ ರಾಣಿ ತನ್ನ ಸಾಕುಮಗ ಎರಿಕನಿಗೆ ಕಿರೀಟ ಇಡಿಸಿ, ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರನ್ನೂ ಒಂದೇ ಸಿಂಹಾಸನದ ಕೆಳಗೆ ತಂದಳು. ಫಿನ್‌ಲೆಂಡ್ ಆಗ ಸ್ವೀಡನ್ನಿನ ಭಾಗವೇ ಆಗಿತ್ತು. ಆ ಒಕ್ಕೂಟ ಸುಖವಾಗಿ ಬಾಳಲಿಲ್ಲ. 1520ರಲ್ಲಿ ಎರಡನೆಯ ಕ್ರಿಶ್ಚಿಯನ್ ದೊರೆ ಸ್ಟಾಕ್‌ಹೋಮಿನಲ್ಲಿ ಸ್ವೀಡನ್ನಿನ ಗಣ್ಯರ ತಲೆ ಕಡಿಸಿದ. 1523ರಲ್ಲಿ ಗುಸ್ತಾವ್ ವಾಸಾನನ್ನು ರಾಜನನ್ನಾಗಿ ಆರಿಸಿಕೊಂಡು ಸ್ವೀಡನ್ ಹೊರನಡೆಯಿತು. ಮುಂದಿನದು ದಾಯಾದಿಗಳ ಪಾಲುಪಾರೀಕತ್ತಿನ ಕಥೆ. ಫಿನ್‌ಲೆಂಡ್ 1809ರಲ್ಲಿ ರಷ್ಯದ ಪಾಲಾಗಿ 1917ರಲ್ಲಿ ಸ್ವತಂತ್ರವಾಯಿತು. ನಾರ್ವೆ 1814ರಲ್ಲಿ ಡೆನ್ಮಾರ್ಕಿನ ಕೈಯಿಂದ ಸ್ವೀಡನ್ನಿನ ಜೊತೆಗೆ ಬಂದು, 1905ರಲ್ಲಿ ಅದನ್ನೂ ತೊರೆಯಿತು. ಆಗ ನಡೆದ ಜನಮತಗಣನೆಯಲ್ಲಿ ಅಗಲಿಕೆ ಬೇಡವೆಂದವರು ಇಡೀ ನಾರ್ವೆಯಲ್ಲಿ 184 ಮಂದಿ ಮಾತ್ರ!

ನಡುವೆ ಒಂದಾಗುವ ಕನಸು ಮತ್ತೊಮ್ಮೆ ಚಿಗುರಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ವಿದ್ಯಾರ್ಥಿಗಳೂ ಕವಿಗಳೂ ಹಡಗು ಹತ್ತಿ ಒಬ್ಬರ ಊರಿಗೆ ಒಬ್ಬರು ಹೋಗಿ ಸೋದರತ್ವದ ಭಾಷಣ ಮಾಡಿದರು. 1864ರಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯಗಳು ಡೆನ್ಮಾರ್ಕಿನ ಮೇಲೆ ಬಿದ್ದಾಗ ಆ ಭಾಷಣಗಳ ಬೆಲೆ ಬಯಲಾಯಿತು. ಸ್ವೀಡನ್-ನಾರ್ವೆಗಳ ರಾಜ ಮಾತು ಕೊಟ್ಟಿದ್ದ, ಮಂತ್ರಿಗಳು ಒಪ್ಪಲಿಲ್ಲ, ಸೈನ್ಯ ಹೊರಡಲಿಲ್ಲ. ನಮ್ಮ ನಾಟಕಾಸಕ್ತರಿಗೆ ಚಿರಪರಿಚಿತನಾದ ಇಬ್ಸನ್ ಅದೇ ವರ್ಷ ನಾರ್ವೆ ಬಿಟ್ಟು ಹೊರಟವನು. ತನ್ನ ಜನ ಆಡಿದ ಮಾತಿಗೆ ತಪ್ಪಿದರೆಂಬ ಕಹಿ ಅವನ ಮನಸ್ಸಿನಿಂದ ಬಹುಕಾಲ ಹೋಗಲಿಲ್ಲ.

ಮುಂದಿನ ಶತಮಾನದಲ್ಲಿಯೂ ಇದೇ ನಡೆಯಿತು. 1937ರಲ್ಲಿ ಡೆನ್ಮಾರ್ಕಿನ ಪ್ರಧಾನಿ ಸ್ಟೌನಿಂಗ್ ಸ್ವೀಡನ್ನಿನ ಲುಂಡ್ ನಗರಕ್ಕೇ ಹೋಗಿ, ಉತ್ತರದ ನಾಡುಗಳಿಗೆಲ್ಲ ತನ್ನ ದೇಶ ಕಾವಲುನಾಯಿಯಾಗಲಾರದೆಂದು ಸಾರಿದ. 1939ರ ನವೆಂಬರ್ 30ರಂದು ಸೋವಿಯತ್ ಸೈನ್ಯ ಫಿನ್‌ಲೆಂಡಿಗೆ ನುಗ್ಗಿತು. ಸ್ವೀಡನ್ ಆಯುಧ ಕೊಟ್ಟಿತು, ಹಣ ಕೊಟ್ಟಿತು, 8,000ಕ್ಕೂ ಹೆಚ್ಚು ಸ್ವಯಂಸೇವಕರನ್ನು ಕಳುಹಿಸಿತು. ತನ್ನ ಸೈನ್ಯವನ್ನು ಮಾತ್ರ ಕಳುಹಿಸಲಿಲ್ಲ. 1940ರ ಮಾರ್ಚ್ 13ರಂದು ಫಿನ್‌ಲೆಂಡ್ ನೆಲ ಬಿಟ್ಟುಕೊಟ್ಟು ಶಾಂತಿ ಕೊಂಡಿತು. ಅದಾದ ಮೇಲೆ ಫಿನ್‌ಲೆಂಡ್, ಸ್ವೀಡನ್, ನಾರ್ವೆಗಳ ನಡುವೆ ರಕ್ಷಣಾ ಒಪ್ಪಂದದ ಮಾತು ಎದ್ದಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆಯಷ್ಟೆ. ಇಲ್ಲಿ ಹಾಕುವುದಕ್ಕೂ ಹೊತ್ತು ಸಿಕ್ಕಲಿಲ್ಲ. ಏಪ್ರಿಲ್ 9ರಂದು ಜರ್ಮನಿ ಡೆನ್ಮಾರ್ಕ್, ನಾರ್ವೆ ಎರಡರ ಮೇಲೂ ಎರಗಿತು. ಡೆನ್ಮಾರ್ಕ್ ಕೆಲವೇ ಗಂಟೆಗಳಲ್ಲಿ ಶರಣಾಯಿತು. ನಾರ್ವೆ ಎರಡು ತಿಂಗಳು ಹೋರಾಡಿತು. ಈ ಎರಡು ದೇಶಗಳ ದೊರೆಗಳು ಒಡಹುಟ್ಟಿದವರು. ಅಣ್ಣ ಹತ್ತನೆಯ ಕ್ರಿಶ್ಚಿಯನ್ ಶತ್ರುವಿನ ವಶವಾದ ಕೋಪನ್‌ಹೇಗನ್ನಿನಲ್ಲಿ ಉಳಿದ. ತಮ್ಮ ಏಳನೆಯ ಹಾಕೊನ್ ಕಾಡುಮೇಡು ಹಾಯ್ದು ಲಂಡನ್ ಸೇರಿದ.

ಈಗ ನಮ್ಮ ಊಹೆಗೆ ಬರೋಣ. ಈ ನಾಲ್ಕೂ ದೇಶಗಳ ಜನಸಂಖ್ಯೆ ಆಗ 1 ಕೋಟಿ 60 ಲಕ್ಷವನ್ನು ಮೀರಿತ್ತು. ಒಂದೇ ಸೇನಾಪತಿ, ಒಂದೇ ನೌಕಾಬಲ, ಬಾಲ್ಟಿಕ್ ಸಮುದ್ರದ ಹೆಬ್ಬಾಗಿಲಾದ ಜಲಸಂಧಿಗಳು ಒಂದೇ ಕೈಯಲ್ಲಿ. ಅಂಥ ರಾಜ್ಯವನ್ನು ಒಂದು ಬೆಳಗಿನಲ್ಲಿ ನುಂಗುವುದು ಯಾರಿಗೂ ಸುಲಭವಾಗುತ್ತಿರಲಿಲ್ಲ. ಒಪ್ಪತಕ್ಕ ಮಾತೇ. ಆದರೆ ಬಲದೊಡನೆ ಆಪತ್ತೂ ಬೆಳೆಯುತ್ತಿತ್ತು. 1939ರಲ್ಲಿ ಸ್ವೀಡನ್ನಿನಿಂದ ಜರ್ಮನಿಗೆ ಹೋದ ಕಬ್ಬಿಣದ ಅದಿರು ಸುಮಾರು 1 ಕೋಟಿ ಟನ್. ಗಣಿಗಳು ಸ್ವೀಡನ್ನಿನ ಉತ್ತರದಲ್ಲಿ. ಚಳಿಗಾಲದಲ್ಲಿ ಅಲ್ಲಿಯ ಸಮುದ್ರ ಹೆಪ್ಪುಗಟ್ಟಿದಾಗ ಅದಿರು ಹೊರಡುತ್ತಿದ್ದುದು ನಾರ್ವೆಯ ನಾರ್ವಿಕ್ ಬಂದರಿನಿಂದ. ಗಣಿ, ಬಂದರು ಎರಡೂ ಒಂದೇ ರಾಜ್ಯದವಾಗಿದ್ದರೆ ಬರ್ಲಿನ್ನಾಗಲಿ ಲಂಡನ್ನಾಗಲಿ ಅದನ್ನು ಅದರ ಪಾಡಿಗೆ ಬಿಡುತ್ತಿತ್ತೆ? ಆ ರಾಜ್ಯದ ಪೂರ್ವದ ಗಡಿ ಲೆನಿನ್‌ಗ್ರಾಡಿನ ಬಾಗಿಲಲ್ಲೇ ಇರುತ್ತಿದ್ದುದರಿಂದ ಮಾಸ್ಕೊ ಕೂಡ ಸುಮ್ಮನಿರುತ್ತಿರಲಿಲ್ಲ. ಈ ಊಹೆಗೆ ಇತಿಹಾಸದಲ್ಲೇ ಸಾಕ್ಷ್ಯವುಂಟು. 1940ರ ಶರತ್ಕಾಲದಲ್ಲಿ ಸ್ವೀಡನ್-ಫಿನ್‌ಲೆಂಡ್‌ಗಳು ನಿಜವಾಗಿಯೂ ಒಂದಾಗುವ ಮಾತುಕತೆ ನಡೆಸಿದುವು. ಮಾಸ್ಕೊ ಬೇಡವೆಂದಿತು, ಬರ್ಲಿನ್ ಬೇಡವೆಂದಿತು, ಯೋಜನೆ ಮುರಿದುಬಿತ್ತು. ಮರುವರ್ಷ ಫಿನ್‌ಲೆಂಡ್ ಜರ್ಮನಿಯ ಜೊತೆಗೂಡಿ ಮತ್ತೆ ರಣರಂಗಕ್ಕಿಳಿಯಿತು. ಒಂದಾಗಲು ಬಿಡದವರೇ ಬೇರೆಯಾಗಿ ಬಾಳಲೂ ಬಿಡಲಿಲ್ಲ.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. 1943ರ ಅಕ್ಟೋಬರ್ ಮೊದಲ ರಾತ್ರಿ ಡೆನ್ಮಾರ್ಕಿನ ಯೆಹೂದ್ಯರನ್ನೆಲ್ಲ ಹಿಡಿದೊಯ್ಯಲು ನಾಜಿಗಳು ಹೊರಟರು. ಸುದ್ದಿ ಮೊದಲೇ ಹೊರಬಿದ್ದಿತ್ತು. ಮರುದಿನ ಸ್ವೀಡನ್ ತನ್ನ ಬಾನುಲಿಯ ಮೂಲಕ, ಬಂದವರಿಗೆಲ್ಲ ಆಶ್ರಯ ಕೊಡುವುದಾಗಿ ಸಾರಿತು. ಮೀನುಗಾರರ ದೋಣಿಗಳಲ್ಲಿ 7,000ಕ್ಕೂ ಹೆಚ್ಚು ಮಂದಿ ಓರೆಸುಂಡ್ ಜಲಸಂಧಿ ದಾಟಿದರು. ಅದರ ಅತಿ ಕಿರಿದಾದ ಎಡೆಯಲ್ಲಿರುವ ಹೆಲ್ಸಿಂಗೋರ್ ಎಂಬ ಊರೇ ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಎಲ್ಸಿನೋರ್. ಅಲ್ಲಿಂದ ಎದುರು ದಡಕ್ಕೆ ಸುಮಾರು 4 ಕಿಲೋಮೀಟರು ನೀರು, ಅಷ್ಟೆ. ಎರಡೂ ದಡಗಳು ಒಂದೇ ರಾಜ್ಯದವಾಗಿದ್ದು, ಆ ರಾಜ್ಯ ಸೋತಿದ್ದರೆ, ಅವರು ದಾಟುತ್ತಿದ್ದುದು ಎಲ್ಲಿಗೆ? ನಾರ್ವೆಯಿಂದ ಹಿಮ ತುಳಿದು ಬಂದವರಿಗೆ, ಕತ್ತಿಗೆ ಹೆಸರಿನ ಚೀಟಿ ಕಟ್ಟಿಸಿಕೊಂಡು ಬಂದ ಫಿನ್‌ಲೆಂಡಿನ ಸುಮಾರು 70,000 ಮಕ್ಕಳಿಗೆ ಸ್ವೀಡನ್ ಎಂಬ ಯುದ್ಧವಿಲ್ಲದ ಮನೆ ಎಲ್ಲಿರುತ್ತಿತ್ತು?

ಹಾಗೆಂದು ಆ ದಡವನ್ನು ನಿಷ್ಕಳಂಕವೆಂದು ಹೊಗಳುವಂತಿಲ್ಲ. ಅದಿರು ಜರ್ಮನಿಗೆ ಹೋಗುತ್ತಲೇ ಇತ್ತು. 1940ರಿಂದ 1943ರವರೆಗೆ ಜರ್ಮನ್ ಸೈನಿಕರು ಸ್ವೀಡನ್ನಿನ ರೈಲುಗಳಲ್ಲಿ ನಾರ್ವೆಗೆ ಹೋಗಿಬಂದರು. ನೆರೆಮನೆಯನ್ನು ತುಳಿದವರಿಗೆ ದಾರಿ ಬಿಟ್ಟದ್ದೂ ಆ ಮನೆಯೇ, ಅಲ್ಲಿಂದ ಓಡಿಬಂದವರಿಗೆ ಬಾಗಿಲು ತೆರೆದದ್ದೂ ಆ ಮನೆಯೇ. ನಾವು ಇವೆರಡನ್ನೂ ಒಟ್ಟಿಗೆ ನೆನೆಯಬೇಕು. ಒಂದನ್ನು ಮುಂದಿಟ್ಟು ಇನ್ನೊಂದನ್ನು ಮುಚ್ಚಬಾರದು.

ಯುದ್ಧಾನಂತರ 1948-49ರಲ್ಲಿ ಸ್ಕಾಂಡಿನೇವಿಯದ ರಕ್ಷಣಾ ಕೂಟಕ್ಕಾಗಿ ನಡೆದ ಮಾತೂ ಫಲಿಸಲಿಲ್ಲ. ಡೆನ್ಮಾರ್ಕ್, ನಾರ್ವೆಗಳು 1949ರಲ್ಲಿ ನ್ಯಾಟೋ ಸೇರಿದುವು. 1952ರಲ್ಲಿ ನಾರ್ಡಿಕ್ ಪರಿಷತ್ತು ಹುಟ್ಟಿತು. ಕಾಲ್ಮಾರಿನ ಒಕ್ಕೂಟ ಒಡೆದು ಸರಿಯಾಗಿ 500 ವರ್ಷ ಕಳೆದ ಮೇಲೆ, 2023ರಲ್ಲಿ ಫಿನ್‌ಲೆಂಡೂ ಮರುವರ್ಷ ಸ್ವೀಡನ್ನೂ ಅದೇ ನ್ಯಾಟೋ ಒಪ್ಪಂದದೊಳಗೆ ಬಂದುವು. ಸಿಂಹಾಸನ ಒಂದಾಗಲಿಲ್ಲ, ರಕ್ಷಣೆಯ ಮಾತು ಒಂದಾಯಿತು.

ಒಂದಾಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ನನಗೆ ತೋರುವ ಉತ್ತರ ಇಷ್ಟು. ಆ ನಾಡುಗಳಿಗೆ ಅಂದು ಕೊರತೆಯಾದದ್ದು ಒಂದೇ ಕಿರೀಟವಲ್ಲ, ಹೊತ್ತಿಗೆ ಸರಿಯಾಗಿ ನಡೆಸಿಕೊಟ್ಟ ಮಾತು. ಮಾತು ತಪ್ಪಿದ ಸೋದರರಿಗೂ ಕೊನೆಗೆ ಒಂದು ದಾರಿ ಉಳಿದಿತ್ತು: ತಮ್ಮ ಬಾಗಿಲನ್ನು ತೆರೆದಿಡುವುದು. 1943ರ ಅಕ್ಟೋಬರಿನ ಆ ಕತ್ತಲಲ್ಲಿ ಎದುರು ದಡದ ದೀಪಗಳು ಉರಿಯುತ್ತಿದ್ದುವು. ದೋಣಿಯಲ್ಲಿ ಕುಳಿತವರಿಗೆ ಅದು ಬೇರೆಯ ರಾಜ್ಯ. ಬೇರೆಯದಾದುದರಿಂದಲೇ ಅವರು ಬದುಕಿದರು.