ಮೆಗ್ನೀಸಿಯಮ್ ಸಲ್ಫೇಟ್ (ಪ್ರಸೂತಿ ಚಿಕಿತ್ಸೆ)

ಮೆಗ್ನೀಸಿಯಮ್ ಸಲ್ಫೇಟ್ ಎಂಬುದು ಗರ್ಭಿಣಿಯರಲ್ಲಿಯೂ ಬಾಣಂತಿಯರಲ್ಲಿಯೂ ರಕ್ತದೊತ್ತಡ ಏರಿ ಕಾಣಿಸಿಕೊಳ್ಳುವ ಸೆಳವನ್ನು (ಎಕ್ಲಾಂಪ್ಸಿಯಾ) ತಡೆಯಲು ಹಾಗೂ ನಿಲ್ಲಿಸಲು ಬಳಸುವ ಚುಚ್ಚುಮದ್ದು. ಎಪ್ಸಮ್ ಉಪ್ಪು ಎಂದು ಪರಿಚಿತವಾಗಿರುವ ಲವಣವೇ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ. ಪ್ರಮಾಣ ಮೀರಿದರೆ ಉಸಿರಾಟವನ್ನೇ ನಿಲ್ಲಿಸಬಲ್ಲದಾದ ಕಾರಣ, ಇದರ ಬಳಕೆಯಲ್ಲಿ ಶುಶ್ರೂಷಕಿಯರ ನಿಗಾ ಔಷಧಿಯಷ್ಟೇ ಮುಖ್ಯವಾದುದು.

ಹಿನ್ನೆಲೆ

ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸೆಳವು ಮರುಕಳಿಸುವುದನ್ನು ತಡೆಯುವಲ್ಲಿ ಈ ಔಷಧಿಯು ಡಯಾಜೆಪಾಮ್ ಮತ್ತು ಫೆನಿಟಾಯಿನ್‌ಗಳಿಗಿಂತ ಮೇಲೆಂದು ತೋರಿಸಿತು. ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ 2002ರ ‘ಮ್ಯಾಗ್‌ಪೈ’ ಅಧ್ಯಯನದಲ್ಲಿ ಸೆಳವಿನ ಅಪಾಯ ಅರ್ಧಕ್ಕಿಂತ ಕಡಿಮೆಯಾದುದು ಕಂಡುಬಂದಿತು.

ನೀಡುವ ಕ್ರಮ

ಪ್ರಿಚರ್ಡ್ ಕ್ರಮದಲ್ಲಿ ಮೊದಲು 4 ಗ್ರಾಂ ಔಷಧಿಯನ್ನು ತೆಳುಗೊಳಿಸಿ ರಕ್ತನಾಳದ ಮೂಲಕ ನಿಧಾನವಾಗಿ ಕೊಡಲಾಗುತ್ತದೆ. ಜೊತೆಗೆ ಎರಡೂ ಪೃಷ್ಠಗಳ ಸ್ನಾಯುಗಳಿಗೆ ತಲಾ 5 ಗ್ರಾಂ ಚುಚ್ಚಲಾಗುತ್ತದೆ. ಅನಂತರ ಪ್ರತಿ 4 ಗಂಟೆಗೊಮ್ಮೆ 5 ಗ್ರಾಂನಂತೆ, ಒಮ್ಮೆ ಒಂದು ಬದಿಗೆ, ಮತ್ತೊಮ್ಮೆ ಇನ್ನೊಂದು ಬದಿಗೆ ಕೊಡಬೇಕು. ಹೆರಿಗೆ ಅಥವಾ ಕೊನೆಯ ಸೆಳವು, ಇವುಗಳಲ್ಲಿ ಯಾವುದು ತಡವಾಗಿ ಸಂಭವಿಸುವುದೋ ಅಲ್ಲಿಂದ 24 ಗಂಟೆ ಚಿಕಿತ್ಸೆ ಮುಂದುವರಿಯುತ್ತದೆ. ಶೇ. 50ರ ದ್ರಾವಣವನ್ನು ತೆಳುಗೊಳಿಸದೆ ರಕ್ತನಾಳಕ್ಕೆ ಕೊಡಬಾರದು.

ಗಮನಿಸಬೇಕಾದ ಅಂಶಗಳು

ಮುಂದಿನ ಪ್ರತಿ ಚುಚ್ಚುಮದ್ದಿಗೆ ಮುನ್ನ ಮೂರು ಪರೀಕ್ಷೆಗಳು ಕಡ್ಡಾಯ:

• ಮಂಡಿಯ ಪ್ರತಿವರ್ತನ: ಮಂಡಿಚಿಪ್ಪಿನ ಕೆಳಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಕಾಲು ಮುಂದಕ್ಕೆ ಚಿಮ್ಮಬೇಕು.
• ಉಸಿರಾಟ: ನಿಮಿಷಕ್ಕೆ ಕನಿಷ್ಠ 16 ಬಾರಿ ಇರಬೇಕು. ಪೂರ್ತಿ ಒಂದು ನಿಮಿಷ ಎಣಿಸುವುದು ಸೂಕ್ತ.
• ಮೂತ್ರದ ಪ್ರಮಾಣ: ಹಿಂದಿನ 4 ಗಂಟೆಗಳಲ್ಲಿ ಗಂಟೆಗೆ ಕನಿಷ್ಠ 30 ಮಿ.ಲೀ. ಇರಬೇಕು. ಮೆಗ್ನೀಸಿಯಮ್ ದೇಹದಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕವೇ. ಮೂತ್ರ ಕುಗ್ಗಿದರೆ ಔಷಧಿ ರಕ್ತದಲ್ಲಿ ಶೇಖರಗೊಳ್ಳುತ್ತದೆ.

ಇವುಗಳಲ್ಲಿ ಯಾವುದೊಂದು ಕೊರತೆ ಕಂಡರೂ ಮುಂದಿನ ಚುಚ್ಚುಮದ್ದನ್ನು ತಡೆಹಿಡಿದು ವೈದ್ಯರಿಗೆ ತಿಳಿಸಬೇಕು. ಔಷಧಿಯ ಮಟ್ಟ ಏರಿದಂತೆ ಮೊದಲು ಮಂಡಿಯ ಪ್ರತಿವರ್ತನ ಮಾಯವಾಗುತ್ತದೆ. ಉಸಿರಾಟ ಕುಗ್ಗುವುದು ಆಮೇಲೆ. ಆದ್ದರಿಂದ ಪ್ರಯೋಗಾಲಯವಿಲ್ಲದ ಆಸ್ಪತ್ರೆಯಲ್ಲಿಯೂ ಈ ಸರಳ ಪರೀಕ್ಷೆ ಮುನ್ನೆಚ್ಚರಿಕೆ ನೀಡಬಲ್ಲದು. ಬೆನ್ನುಹುರಿಯ ಅರಿವಳಿಕೆ ಪಡೆದವರಲ್ಲಿ ಮಂಡಿಯ ಪ್ರತಿವರ್ತನ ನಂಬಲರ್ಹವಲ್ಲವಾದುದರಿಂದ ತೋಳಿನ ಪ್ರತಿವರ್ತನವನ್ನು ನೋಡಬೇಕು.

ಮೈ ಬಿಸಿಯಾಗುವುದು, ಮುಖ ಕೆಂಪಾಗುವುದು, ವಾಕರಿಕೆ ಇವು ಸಾಮಾನ್ಯ. ರೋಗಿಗೆ ಮೊದಲೇ ಹೇಳಿದರೆ ಗಾಬರಿ ತಪ್ಪುತ್ತದೆ. ಮಾತು ತೊದಲುವುದು, ಅತಿಯಾದ ಮಂಪರು, ಸ್ನಾಯುಗಳ ನಿಶ್ಶಕ್ತಿ ಇವು ಅಪಾಯದ ಸೂಚನೆಗಳು.

ಪ್ರತ್ಯೌಷಧ

ಉಸಿರಾಟ ಕುಂದಿದರೆ ಔಷಧಿಯನ್ನು ಕೂಡಲೇ ನಿಲ್ಲಿಸಿ, ಉಸಿರಾಟಕ್ಕೆ ನೆರವು ನೀಡುತ್ತ, 1 ಗ್ರಾಂ ಕ್ಯಾಲ್ಸಿಯಂ ಗ್ಲುಕೋನೇಟನ್ನು (ಶೇ. 10ರ ದ್ರಾವಣ 10 ಮಿ.ಲೀ.) ರಕ್ತನಾಳದ ಮೂಲಕ ನಿಧಾನವಾಗಿ ಕೊಡಲಾಗುತ್ತದೆ. ಇದನ್ನು ಹುಡುಕಲು ಓಡುವಂತಾಗದೆ, ಚಿಕಿತ್ಸೆಯ ಆರಂಭದಿಂದಲೇ ರೋಗಿಯ ಹಾಸಿಗೆಯ ಬಳಿ ಸಿದ್ಧವಾಗಿರಿಸುವುದು ರೂಢಿ.