ಪಿಕಡಿಲಿಯ ಕಿಟಕಿಯಲ್ಲಿದ್ದ ಬೀಗ

ಬೀಗದ ಚರಿತ್ರೆ ಎಂದರೆ ಬೀಗ ಮಾಡಿದವರ ಚರಿತ್ರೆ ಎಂದುಕೊಳ್ಳುತ್ತೇವೆ. ಓದುತ್ತ ಹೋದರೆ ಅದು ಅಷ್ಟೇ ಮಟ್ಟಿಗೆ ಬೀಗ ಬಿಚ್ಚಿದವರ ಚರಿತ್ರೆಯೂ ಹೌದು ಎನ್ನಿಸುತ್ತದೆ. ಒಬ್ಬ ಚಾಪೆಯ ಕೆಳಗೆ ತೂರಿದರೆ ಇನ್ನೊಬ್ಬ ರಂಗೋಲಿಯ ಕೆಳಗೆ ತೂರುತ್ತಾನೆ ಎನ್ನುವ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಈ ಪೈಪೋಟಿಯಲ್ಲಿ 1851ರ ಲಂಡನ್ ಒಂದು ಮುಖ್ಯ ತಿರುವು.

ಜೋಸೆಫ್ ಬ್ರಾಮಾ ಯಾರ್ಕ್‌ಶೈರಿನ ರೈತನ ಮಗ. 1784ರಲ್ಲಿ ಅವನು ಹೊಸ ಬಗೆಯ ಬೀಗವೊಂದಕ್ಕೆ ಪೇಟೆಂಟ್ ಪಡೆದ. ಕೀಲಿ ಒಂದು ಪುಟ್ಟ ಕೊಳವೆ. ಅದರ ತುದಿಯಲ್ಲಿ ಬೇರೆ ಬೇರೆ ಆಳದ ಸೀಳುಗಳು. ಅವು ಒಳಗಿನ ಲೋಹದ ಪಟ್ಟಿಗಳನ್ನು ತಕ್ಕ ಆಳಕ್ಕೆ ಒತ್ತಿದರೆ ಮಾತ್ರ ಬೀಗ ತಿರುಗುತ್ತಿತ್ತು. ಇಷ್ಟು ನಿಖರವಾದ ಕೆಲಸ ಬರಿಗೈಯಲ್ಲಿ ಆಗುವುದಲ್ಲ. ಅದಕ್ಕೆ ಬೇಕಾದ ಯಂತ್ರಗಳನ್ನು ಅವನ ಕಾರ್ಖಾನೆಯಲ್ಲಿದ್ದ ಯುವಕ ಹೆನ್ರಿ ಮಾಡ್ಸ್‌ಲೀ ರೂಪಿಸಿದ. ಪಿಕಡಿಲಿಯಲ್ಲಿದ್ದ ತನ್ನ ಅಂಗಡಿಯ ಕಿಟಕಿಯಲ್ಲಿ 18 ಪಟ್ಟಿಗಳ ಒಂದು ಬೀಗವನ್ನಿಟ್ಟು, ಇದನ್ನು ಬಿಚ್ಚುವ ಸಾಧನ ಮಾಡಿದವರಿಗೆ 200 ಗಿನ್ನಿ ಎಂದು ಬ್ರಾಮಾ ಸವಾಲು ಹಾಕಿದ. ಅವನು 1814ರಲ್ಲಿ ತೀರಿಕೊಂಡ. ಬೀಗ ಮಾತ್ರ ಕಿಟಕಿಯಲ್ಲೇ ಉಳಿಯಿತು.

ಇನ್ನೊಂದು ಬೀಗಕ್ಕೂ ಅಷ್ಟೇ ಹೆಸರಿತ್ತು. 1817ರಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳಕೀಲಿ ಬಳಸಿ ಕಳವು ನಡೆದ ಮೇಲೆ, ತನ್ನದಲ್ಲದ ಕೀಲಿಗೆ ಬಗ್ಗದ ಬೀಗ ಬೇಕೆಂದು ಸರ್ಕಾರ ಸ್ಪರ್ಧೆ ಏರ್ಪಡಿಸಿತು. ಮರುವರ್ಷ ಜೆರೆಮಯಾ ಚಬ್ 'ಡಿಟೆಕ್ಟರ್' ಬೀಗಕ್ಕೆ ಪೇಟೆಂಟ್ ಪಡೆದ. ಯಾರಾದರೂ ಒಳಗಿನ ಸನ್ನೆಯೊಂದನ್ನು ಅಳತೆ ಮೀರಿ ಎತ್ತಿದರೆ ಬೀಗ ಸಿಕ್ಕಿಕೊಳ್ಳುತ್ತಿತ್ತು; ಮಾಲೀಕ ತನ್ನ ಕೀಲಿ ಹಾಕಿದಾಗ, ಯಾರೋ ಕೈಯಾಡಿಸಿದ್ದಾರೆ ಎಂಬುದು ತಿಳಿಯುತ್ತಿತ್ತು. 1851ರ ಮಹಾಪ್ರದರ್ಶನದಲ್ಲಿ ಭಾರತದಿಂದ ಒಯ್ದ ಕೊಹಿನೂರ್ ವಜ್ರವನ್ನು ಇರಿಸಿದ ಪಂಜರವೂ ಚಬ್ ಕಂಪನಿಯದೇ.

ಆ ಪ್ರದರ್ಶನಕ್ಕೆ ಅಮೆರಿಕದಿಂದ ಬಂದವನು ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್, ನ್ಯೂಯಾರ್ಕಿನ ಬೀಗದ ಕಂಪನಿಯೊಂದರ ಪ್ರತಿನಿಧಿ. ಜುಲೈ ತಿಂಗಳಲ್ಲಿ ಅವನು ವೆಸ್ಟ್‌ಮಿನ್‌ಸ್ಟರಿನ ಮನೆಯೊಂದರಲ್ಲಿ, ಸಾಕ್ಷಿಗಳ ಎದುರು, ಚಬ್ ಬೀಗವನ್ನು 25 ನಿಮಿಷದಲ್ಲಿ ತೆರೆದ. ಮತ್ತೆ 7 ನಿಮಿಷದಲ್ಲಿ, ಡಿಟೆಕ್ಟರಿಗೂ ಸುಳಿವು ಕೊಡದಂತೆ, ಹಾಕಿಯೂ ತೋರಿಸಿದ. ಆಮೇಲೆ ಪಿಕಡಿಲಿಯ ಕಿಟಕಿಗೆ ಹೋದ. ಬ್ರಾಮಾನ ಬೀಗ 16 ದಿನಗಳಲ್ಲಿ ಹರಡಿದ 51 ಗಂಟೆಗಳ ದುಡಿಮೆಯನ್ನು ಕೇಳಿತು. ಕೊನೆಗೂ ತೆರೆಯಿತು.

ಇಷ್ಟು ಹೊತ್ತು ಬೀಗದ ಮುಂದೆ ನೆಮ್ಮದಿಯಾಗಿ ಕೂರಲು ಯಾವ ಕಳ್ಳನಿಗೆ ಬಿಡುವಿದೆ ಎಂದು ಕಂಪನಿಯವರು ತಕರಾರು ತೆಗೆದರು. ಅದು ನ್ಯಾಯವಾದ ಮಾತೇ. ಆದರೂ 'ಬಿಚ್ಚಲು ಕಷ್ಟ' ಮತ್ತು 'ಬಿಚ್ಚಲಾಗದು' ಎಂಬ ಮಾತುಗಳ ನಡುವಿನ ಅಂತರವನ್ನು ಹಾಬ್ಸ್ ಎಲ್ಲರಿಗೂ ಕಾಣಿಸಿಬಿಟ್ಟಿದ್ದ. ಅವನ ಕಂಪನಿಯ ಬೀಗಕ್ಕೂ ಅದೇ ಗತಿ ಕಾದಿತ್ತು: ಮುಂದೆ ಅದನ್ನು ಅಮೆರಿಕದವನೇ ಆದ ಲೈನಸ್ ಯೇಲ್ ಜೂನಿಯರ್ ಬಿಚ್ಚಿದ.

ಇಂದು ನಮ್ಮ ಅನೇಕ ಬಾಗಿಲುಗಳಲ್ಲಿರುವುದು ಈ ಯೇಲ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ಪಿನ್ ಬೀಗದ ಸಂತತಿ. ಮೂಲ ಉಪಾಯ ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲೇ ಇತ್ತು. ಪ್ರತಿ ಸಾಲಿನಲ್ಲೂ ಒಂದರ ಮೇಲೊಂದು ಪಿನ್ನು, ಮೇಲೆ ಸ್ಪ್ರಿಂಗು. ಎರಡು ಪಿನ್ನು ಸೇರುವ ಜಾಗ ಎಲ್ಲ ಸಾಲಿನಲ್ಲೂ ಒಂದೇ ಗೆರೆಗೆ ಬಂದಾಗ ಬೀಗ ತಿರುಗುತ್ತದೆ. ಇದಕ್ಕೂ ರಂಗೋಲಿಯ ಕೆಳಗೆ ತೂರುವವರು ಹುಟ್ಟಿದರು. ಒಂದಕ್ಕೊಂದು ತಾಗಿ ನಿಂತ ಎರಡು ಗೋಲಿಗಳಲ್ಲಿ ಒಂದಕ್ಕೆ ಹೊಡೆದರೆ ಆಚೆಯದು ಚಿಮ್ಮುತ್ತದಲ್ಲ, ಹಾಗೆ ಕೆಳಗಿನ ಪಿನ್ನುಗಳಿಗೆ ಪೆಟ್ಟು ಬಿದ್ದರೆ ಮೇಲಿನವು ಹಾರಿ, ಕ್ಷಣಕಾಲ ಗೆರೆ ಖಾಲಿಯಾಗುತ್ತದೆ. ಪಿಸ್ತೂಲಿನ ಆಕಾರದ ಸಾಧನಗಳು ಈ ಪೆಟ್ಟನ್ನು ಕೈಯಿಂದ ಕೊಟ್ಟವು. ವಿದ್ಯುತ್ ಸಾಧನಗಳು ಅದನ್ನೇ ಬಿಡದ ಕಂಪನವಾಗಿಸಿದವು. ಮನೆಯ ಸಣ್ಣ ಪವರ್ ಟೂಲಿನ ಮೋಟಾರಿನಿಂದಲೇ ಇಂಥದ್ದನ್ನು ಕಟ್ಟಿಕೊಂಡ ಹವ್ಯಾಸಿಗಳಿದ್ದಾರೆ. ಬ್ರಾಮಾನ ಬೀಗಕ್ಕೆ 51 ಗಂಟೆ ಬೇಡಿದ ತಾಳ್ಮೆಯ ಜಾಗಕ್ಕೆ ಇಲ್ಲಿ ಮೋಟಾರು ಬಂದು ಕೂತಿತು. ಬೀಗ ಮಾಡುವವರು ಸುಮ್ಮನಿರಲಿಲ್ಲ. ಪಿನ್ನುಗಳ ಆಕಾರ ಬದಲಿಸಿದರು, ಪಕ್ಕದಲ್ಲಿ ಹೆಚ್ಚಿನ ತಡೆಗಳನ್ನಿಟ್ಟರು.

ಇಂಥ ವಿದ್ಯೆಯನ್ನು ಬಯಲಿಗೆ ಇಡಬಹುದೇ? 1853ರಲ್ಲಿ ಹಾಬ್ಸ್‌ನ ಬರಹಗಳನ್ನು ಆಧರಿಸಿ ಚಾರ್ಲ್ಸ್ ಟಾಮ್ಲಿನ್‌ಸನ್ ಸಂಪಾದಿಸಿದ ಪುಸ್ತಕ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಕಳ್ಳರು ತಮ್ಮ ಕಸುಬಿನಲ್ಲಿ ನಮಗಿಂತ ಮುಂದಿದ್ದಾರೆ, ಗೊತ್ತಿಲ್ಲದೆ ಉಳಿಯುವವನು ಬೀಗ ಕೊಳ್ಳುವ ಸಾಮಾನ್ಯನೊಬ್ಬನೇ ಎಂಬುದು ಅದರ ವಾದ. ಮೂವತ್ತು ವರ್ಷಗಳ ಬಳಿಕ, 1883ರಲ್ಲಿ, ಆಗುಸ್ಟ್ ಕೆರ್ಕ್‌ಹಾಫ್ಸ್ ಗುಪ್ತಲಿಪಿಗಳ ಬಗ್ಗೆ ಹೇಳಿದ್ದೂ ಇದಕ್ಕೆ ಹತ್ತಿರದ ಮಾತು: ವ್ಯವಸ್ಥೆ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಗುಟ್ಟು ಕೀಲಿಯಲ್ಲಿರಬೇಕು. ನಮ್ಮ ಬ್ಯಾಂಕ್ ವ್ಯವಹಾರಗಳನ್ನು ಕಾಯುವ ಗಣಕದ ಸಂಕೇತಗಳು ಇಂದಿಗೂ ನಿಂತಿರುವುದು ಇದೇ ತತ್ವದ ಮೇಲೆ.

ಈ ವಾದಕ್ಕೆ ಒಂದು ಬೆಲೆಯೂ ಇದೆ ಎಂಬುದನ್ನು ಮರೆಯಬಾರದು. ಗಣಕದ ಲೋಪವನ್ನು ಒಂದು ರಾತ್ರಿಯಲ್ಲಿ ತಿದ್ದಿ ಎಲ್ಲರಿಗೂ ಕಳಿಸಬಹುದು. ಊರಿನ ಬಾಗಿಲುಗಳ ಬೀಗವನ್ನೆಲ್ಲ ಹಾಗೆ ಬದಲಿಸಲಾಗದು. ಹೊಸ ಬೀಗ ಕೊಳ್ಳಲು ಕಾಸಿಲ್ಲದವನಿಗೆ ತನ್ನ ಬೀಗ ದುರ್ಬಲವೆಂಬ ಅರಿವು ಭಯವನ್ನಷ್ಟೇ ಕೊಟ್ಟೀತು. ಹಾಗಿದ್ದೂ ನಾನು ಹಾಬ್ಸ್ ಕಡೆಗೇ ವಾಲುತ್ತೇನೆ. ಕಿಟಕಿಯಲ್ಲಿದ್ದ ಆ ಬೀಗವನ್ನು ನೋಡುತ್ತ ಪಿಕಡಿಲಿಯಲ್ಲಿ ಓಡಾಡಿದವರು ದಶಕಗಳ ಕಾಲ ನಂಬಿದ್ದು ಲೋಹವನ್ನಲ್ಲ, ಅದರ ಮೇಲಿನ ಬರಹವನ್ನು. ಅಂಥ ನಂಬಿಕೆಯನ್ನು ಯಾರಾದರೂ ಒಮ್ಮೆ ಹಗಲು ಬೆಳಕಿನಲ್ಲಿ, ಸಾಕ್ಷಿಗಳ ಎದುರು ಪರೀಕ್ಷಿಸುವುದು ಒಳ್ಳೆಯದು. ಇಲ್ಲವಾದರೆ ಆ ಪರೀಕ್ಷೆ ಹೇಗೂ ಕತ್ತಲಲ್ಲಿ ನಡೆಯುತ್ತದೆ.