ಸೊಂಟದ ಕತ್ತಿ: ಗಡಿನಾಡಿನ ಒಂದು ಹತ್ಯಾರಿನ ಚರಿತ್ರೆ

ಕಾಸರಗೋಡಿನ ಚರಿತ್ರೆ ಎಂದೊಡನೆ ನಮ್ಮ ಲೇಖನಿ ಕೋಟೆಗಳತ್ತ ಹರಿಯುತ್ತದೆ. ಬೇಕಲ, ಚಂದ್ರಗಿರಿ, ಹೊಸದುರ್ಗಗಳು, ಕೆಳದಿಯ ಅರಸರು, 1799ರ ಬಳಿಕ ಬಂದ ಕುಂಪಣಿ ಸರಕಾರ, 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆ, ಇವು ನಮ್ಮ ಸ್ಮರಣ ಸಂಚಿಕೆಗಳ ನಿತ್ಯದ ವಿಷಯಗಳು. ಅವು ಬರೆಯತಕ್ಕವುಗಳೇ. ಆದರೆ ಈ ನೆಲದಲ್ಲಿ ಕಾಡು ಕಡಿದು ತೋಟವೆಬ್ಬಿಸಿದ, ಬುಡಕ್ಕೆ ಸೊಪ್ಪು ಹಾಕಿದ, ಮರವೇರಿ ಅಡಿಕೆ ತೆಂಗುಗಳನ್ನು ಇಳಿಸಿದ ಕೈಯಲ್ಲಿ ಇದ್ದುದು ಖಡ್ಗವಲ್ಲ, ಕತ್ತಿ. ಅದಕ್ಕೆ ಶಾಸನವಿಲ್ಲ, ಸ್ಮಾರಕವಿಲ್ಲ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಿಡಿ ಗೆದ್ದಲಿಗೆ ಹೋಗುತ್ತದೆ, ಹೀಗಾಗಿ ಸಾಕ್ಷ್ಯವೂ ಉಳಿಯುವುದಿಲ್ಲ.

ಈ ವಿಚಾರ ನಮ್ಮ ಮನಸ್ಸನ್ನು ಹೊಕ್ಕದ್ದು ಗ್ರಂಥಗಳಿಂದಲ್ಲ, ನಾವೇ ಮಾಡಿದ ಒಂದು ತಪ್ಪಿನಿಂದ. ಅಧ್ಯಾಪಕ ವೃತ್ತಿಯ ಆರಂಭದ ವರ್ಷಗಳಲ್ಲಿ ಒಂದು ಬೆಳಗ್ಗೆ ಏಳನೆಯ ತರಗತಿಯ ಹುಡುಗನೊಬ್ಬ ತಡವಾಗಿ ಬಂದ. ಮನೆಯವರೊಡನೆ ಗುಡ್ಡೆಗೆ ಸೊಪ್ಪಿಗೆ ಹೋಗಿದ್ದವನು ನೇರವಾಗಿ ಶಾಲೆಗೆ ಓಡಿ ಬಂದಿದ್ದ. ಸೊಂಟದ ಹಿಂದೆ ಕೊಕ್ಕೆಯಲ್ಲಿ ಕತ್ತಿ ಹಾಗೆಯೇ ಇತ್ತು. ಶಾಲೆಗೆ ಆಯುಧ ತರಬಾರದೆಂದು ಗದರಿಸಿ, ಕತ್ತಿಯನ್ನು ಕಿತ್ತು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಸಂಜೆ ಅವನ ತಂದೆ ಬಂದರು. ಜಗಲಿಯ ಕೆಳಗೆ ನಿಂತು, "ಮಾಷ್ಟ್ರೇ, ಹುಡುಗನಿಗೆ ಎರಡು ಪೆಟ್ಟು ಕೊಡಿ, ಬೇಡ ಎನ್ನುವುದಿಲ್ಲ. ಕತ್ತಿ ಮಾತ್ರ ಕೊಡಬೇಕು. ನಾಳೆ ಮರ ಹತ್ತಲಿಕ್ಕುಂಟು" ಎಂದರು. ಆಯುಧಗಳ ವಿಷಯದಲ್ಲಿ ಶಾಲೆಯ ನಿಯಮವನ್ನು ನಾವು ವಿವರಿಸತೊಡಗಿದೆವು. ಅವರು ನಿಜವಾದ ಆಶ್ಚರ್ಯದಿಂದ, "ಆಯುಧವಾ? ಇದು ಕತ್ತಿಯಲ್ಲವಾ ಮಾಷ್ಟ್ರೇ!" ಎಂದರು. ಮನೆಯಲ್ಲಿದ್ದುದು ಅದೊಂದೇ ಕತ್ತಿ. ನಾವು ಬೀಗ ಹಾಕಿಟ್ಟದ್ದು ಆ ಮನೆಯ ನಾಳಿನ ಕೂಲಿಯನ್ನು. ಆಯುಧಕ್ಕೂ ಕತ್ತಿಗೂ ಏನು ಅಂತರ ಎಂಬ ಪ್ರಶ್ನೆ ಅಂದಿನಿಂದ ನಮ್ಮ ಜತೆಗಿದೆ.

ಮೊದಲಿಗೆ ಹೆಸರನ್ನು ನೋಡೋಣ. ಕತ್ತಿ ಎಂಬ ಶಬ್ದ ಕನ್ನಡ, ತುಳು, ಮಲಯಾಳ, ತಮಿಳುಗಳಿಗೆ ಸಮಾನವಾದುದು. ಕೊಡವರು ಸೊಂಟದ ಮುಂಭಾಗದಲ್ಲಿ ಸಿಕ್ಕಿಸುವ ಪೀಚೆಕತ್ತಿ, ಮಲಯಾಳದ ಪಿಚ್ಚಾತ್ತಿ, ನಮ್ಮ ಹವ್ಯಕ ಮನೆಗಳ ಪೀಶಕತ್ತಿ ಇವುಗಳನ್ನು ಒಟ್ಟಿಗೆ ಉಚ್ಚರಿಸಿದರೆ ಒಂದೇ ಮನೆಯ ಮಕ್ಕಳಂತೆ ಕೇಳುತ್ತವೆ. ತಿರುವಿದಾಂಕೂರಿನಿಂದ ನಮ್ಮ ಪೂರ್ವದ ಗುಡ್ಡಗಳಿಗೆ ಬಂದು ನೆಲೆಸಿದ ರಬ್ಬರ್ ಕೃಷಿಕರು ತಮ್ಮ ವಾಕತ್ತಿಯನ್ನು ತಂದರು. ಭಾಷೆಯ ಗಡಿಯ ವಿಷಯದಲ್ಲಿ ನಾವು ಎಷ್ಟೋ ಹೋರಾಡಿದ್ದೇವೆ, ಹೋರಾಡಬೇಕಾದುದೂ ಇತ್ತು. ಆದರೆ ಕತ್ತಿಯ ಹೆಸರಿಗೆ ಆ ಗಡಿ ಅಡ್ಡ ಬರಲಿಲ್ಲ.

ಇನ್ನು ಅದರ ರಚನೆ. ಈ ಕತ್ತಿಯನ್ನು ಯಾರೂ ಕಾಗದದ ಮೇಲೆ ಬರೆದು ರೂಪಿಸಿದವರಲ್ಲ. ಆದರೂ ಅದರ ಪ್ರತಿಯೊಂದು ಅಂಗವೂ ಯಾವುದೋ ಒಂದು ತೊಂದರೆಗೆ ಕಂಡುಕೊಂಡ ಉತ್ತರ. ಮೊದಲನೆಯದು, ಅದನ್ನು ಸೊಂಟದ ಹಿಂಭಾಗದಲ್ಲಿ ಧರಿಸುವುದು. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತುವವನ ಎದೆ, ಹೊಟ್ಟೆ, ತೊಡೆಗಳು ಮರಕ್ಕೆ ಒತ್ತಿಕೊಂಡಿರುತ್ತವೆ, ಎರಡು ಕೈಗಳೂ ಕಾಂಡವನ್ನು ತಬ್ಬಿರುತ್ತವೆ. ಮುಂಭಾಗದಲ್ಲಿ ಕತ್ತಿಯಿದ್ದರೆ ಹೊಟ್ಟೆಗೆ ಅಪಾಯ, ಪಕ್ಕದಲ್ಲಿದ್ದರೆ ತೊಡೆಗೆ ತಡೆ. ಉಳಿದದ್ದು ಬೆನ್ನ ಹಿಂದಿನ ಜಾಗ ಒಂದೇ. ಹಿಡಿ ಮೇಲಾಗಿ ಅಲಗು ಕೆಳಗಾಗಿ ತೂಗುವ ಕತ್ತಿಯನ್ನು ಒಂದು ಕೈಯಿಂದ, ಕಣ್ಣಿಂದ ನೋಡದೆ ತೆಗೆಯಲೂ ಮರಳಿ ಸಿಕ್ಕಿಸಲೂ ಸಾಧ್ಯವಿರಬೇಕು. ಮರದ ತುದಿಯಲ್ಲಿ ಕೈ ತಡಕಾಡುವ ಹಾಗಿಲ್ಲ.

ಎರಡನೆಯದು ಕೊಕ್ಕೆ. ಚಳಿ ದೇಶವಾದ ಫಿನ್ಲೆಂಡಿನಲ್ಲಿಯೂ ಕಾಡಿಗೆ ಹೋಗುವವರು ಸೊಂಟದಲ್ಲಿ ಒಂದು ಚಾಕು ಧರಿಸುತ್ತಾರೆ. ಅದನ್ನು ಪುಕ್ಕೊ ಎಂದು ಕರೆಯುತ್ತಾರೆ. ಅದಕ್ಕೆ ಚರ್ಮದ ಒರೆಯುಂಟು. ನಮ್ಮ ಕತ್ತಿಗೆ ಒರೆಯಿಲ್ಲ, ಮರದ್ದೋ ಕಬ್ಬಿಣದ್ದೋ ಆದ ತೆರೆದ ಕೊಕ್ಕೆ ಮಾತ್ರ. ಕಾರಣ ನಮ್ಮ ಮಳೆ. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರು ಮಳೆ ಸುರಿಯುವ ನಾಡಿನಲ್ಲಿ ಚರ್ಮ ಬೂಸಲು ಹಿಡಿಯುತ್ತದೆ. ಒದ್ದೆ ಒರೆಯೊಳಗೆ ಕಬ್ಬಿಣ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ತೆರೆದ ಕೊಕ್ಕೆಯಲ್ಲಿ ನೀರು ನಿಲ್ಲುವುದಿಲ್ಲ, ಗಾಳಿಯಾಡುತ್ತದೆ, ಅಂಟಿದ ಸೊನೆಯನ್ನು ಒರಸಿಕೊಳ್ಳಬಹುದು. ಬಡವನ ಸರಳ ಉಪಾಯವೆಂದು ನಾವು ಬಹುಕಾಲ ತಿಳಿದಿದ್ದುದು ವಾಸ್ತವವಾಗಿ ಹವೆಯನ್ನು ಅರಿತವನ ವಿವೇಕ.

ಮೂರನೆಯದು ಅಲಗು. ಸೊಪ್ಪಿನ ಕತ್ತಿಯ ಅಲಗು ತುದಿಯಲ್ಲಿ ಒಳಕ್ಕೆ ಬಾಗಿರುತ್ತದೆ. ಬೀಸಿದಾಗ ಕೊಂಬೆ ಜಾರಿಹೋಗದೆ ಬಾಗಿನೊಳಗೆ ಸಿಲುಕಿ ತುಂಡಾಗುತ್ತದೆ. ಬೆನ್ನು ದಪ್ಪ, ಬಾಯಿ ತೆಳು. ಭಾರ ತುದಿಯ ಕಡೆಗೆ ಸ್ವಲ್ಪ ಹೆಚ್ಚು, ಆದುದರಿಂದ ಕೈಯ ಶ್ರಮ ಕಡಿಮೆ. ಮೂರ್ತೆಯವರ ಕತ್ತಿ ಇದಕ್ಕಿಂತ ಪೂರ್ಣ ಭಿನ್ನ. ತೆಂಗಿನ ಎಳೆಯ ಹೊಂಬಾಳೆಯನ್ನು ದಿನವೂ ಎಲೆಯಷ್ಟು ತೆಳ್ಳಗೆ ಸವರಬೇಕಾದ ಕತ್ತಿ ಅದು. ಅಗಲವಾದ ಅದರ ಅಲಗನ್ನು ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಹಾಕಿ ತೀಡುತ್ತಾರೆ. ಬಾಯಿ ಮೊಂಡಾದರೆ ಹೊಂಬಾಳೆ ಜಜ್ಜಿಹೋಗುತ್ತದೆ, ಸೇಂದಿ ಇಳಿಯುವುದಿಲ್ಲ. ಒಂದೇ ಊರಿನ, ಒಂದೇ ಕುಲುಮೆಯ ಎರಡು ಕತ್ತಿಗಳು ಹೀಗೆ ಎರಡು ಜಾತಿಯ ಮರಗೆಲಸಗಳಿಗೆ ತಕ್ಕಂತೆ ಬೇರೆಬೇರೆಯಾದವು.

ಈ ಭೇದಗಳನ್ನೆಲ್ಲ ಬಲ್ಲವರು ಕಬ್ಬಿಣದ ಆಚಾರ್ಯರು, ಚಂದ್ರಗಿರಿಯಿಂದ ದಕ್ಷಿಣಕ್ಕೆ ಕೊಲ್ಲರು. ತಿದಿ, ಅಡಿಗಲ್ಲು, ಇಕ್ಕುಳ, ಚಮ್ಮಟಿಗೆ, ಒಂದು ಮರಿಗೆ ನೀರು, ಅವರ ವಿದ್ಯಾಲಯ ಇಷ್ಟೇ. ಅಲಗಿನ ಬಾಯಿಯನ್ನು ಮಾತ್ರ ಕೆಂಪಗೆ ಕಾಯಿಸಿ ನೀರು ಕುಡಿಸುತ್ತಾರೆ. ಬಾಯಿ ಗಡುಸಾಗುತ್ತದೆ, ಬೆನ್ನು ಮೆದುವಾಗಿಯೇ ಉಳಿದು ಪೆಟ್ಟನ್ನು ತಾಳಿಕೊಳ್ಳುತ್ತದೆ. ಪೂರ್ತಿ ಗಡುಸಾದರೆ ಕತ್ತಿ ಮುರಿದೀತು, ಪೂರ್ತಿ ಮೆದುವಾದರೆ ಬಾಯಿ ಮಡಚೀತು. ಇದಕ್ಕೆ ಹದ ಎಂದು ಹೆಸರು. ಉಷ್ಣಮಾಪಕವಿಲ್ಲದೆ ಕೆಂಡದ ಬಣ್ಣವೊಂದನ್ನೇ ನೋಡಿ ಹದ ಕೊಡುವ ಕಲೆ ಅದು. ನಮ್ಮ ಉಕ್ಕು ಎಂಬ ಶಬ್ದವೇ ವುಟ್ಜ್ ಎಂಬ ರೂಪದಲ್ಲಿ ಇಂಗ್ಲಿಷಿಗೆ ಹೋಯಿತೆಂದು ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ದಕ್ಷಿಣ ಭಾರತದ ಈ ಉಕ್ಕಿನ ಕುರಿತು ಪ್ರಬಂಧ ಓದಿದನು. ಮುಂದೆ ಮೈಕೆಲ್ ಫ್ಯಾರಡೆಯಂಥವನೇ ಅದರ ರಹಸ್ಯವನ್ನು ಹುಡುಕಲು ಹೊರಟನು. ಇಂದಿನ ನಮ್ಮ ಕತ್ತಿಗಳಿಗೆ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯೇ ಉಕ್ಕು. ವಸ್ತು ಬದಲಾದರೂ ಹದದ ವಿದ್ಯೆ ಬದಲಾಗಲಿಲ್ಲ.

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಕತ್ತಿ ಯಾವಾಗ ಆಯುಧವಾಗುತ್ತದೆ? ತುಳುನಾಡಿನ ಗರೋಡಿಗಳಲ್ಲಿ ಬೈದೆರ್ಕಳ ನೇಮದಂದು ಹಿಡಿಯುವ ಸುರಿಯ, ದೈವಗಳ ಕಡ್ತಲೆ, ಇವು ಆಯುಧಗಳು. ಅವು ಯುದ್ಧದಿಂದ ನಿವೃತ್ತವಾಗಿ ಪೂಜೆಗೆ ನಿಂತಿವೆ. ನಮ್ಮ ಪಾಣತ್ತೂರಿನಿಂದ ಘಟ್ಟ ಹತ್ತಿದರೆ ಸಿಗುವ ಕೊಡಗಿನಲ್ಲಿ ಒಡಿಕತ್ತಿಯುಂಟು. ಅಗಲವಾದ ಬಾಗಿದ ಆ ಕತ್ತಿಯನ್ನೂ ಬೆನ್ನ ಹಿಂದೆಯೇ, ತೊಡಂಗ್ ಎಂಬ ಲೋಹದ ಕೊಕ್ಕೆಯಲ್ಲಿ ಧರಿಸುತ್ತಾರೆ. ಮದುವೆಯಲ್ಲಿ ಅದರಿಂದ ಬಾಳೆಯ ದಿಂಡು ಕಡಿಯುವ ಸಂಪ್ರದಾಯ ಇಂದಿಗೂ ಇದೆ. ನಮ್ಮ ತೋಟದ ಕತ್ತಿಗೂ ಅವರ ಸಮರದ ಕತ್ತಿಗೂ ಧರಿಸುವ ರೀತಿ ಒಂದೇ. ಬೆಟ್ಟ ಹತ್ತುವವನಿಗೂ ಮರ ಹತ್ತುವವನಿಗೂ ಕೈಗಳು ಖಾಲಿಯಿರಬೇಕಷ್ಟೆ.

ಆಂಗ್ಲ ಸರಕಾರಕ್ಕೆ ಈ ಪ್ರಶ್ನೆ ತೀಕ್ಷ್ಣವಾಗಿ ಎದುರಾದದ್ದು ನಮ್ಮ ದಕ್ಷಿಣದ ನೆರೆಯಾದ ಮಲಬಾರಿನಲ್ಲಿ. ಆಗ ಹೊಸದುರ್ಗ ಕನ್ನಡ ಜಿಲ್ಲೆಗೂ ಪಯ್ಯನ್ನೂರು ಮಲಬಾರಿಗೂ ಸೇರಿದ್ದವು. ಗೇಣಿಯ ಅಸಮಾಧಾನವೂ ಧಾರ್ಮಿಕ ಆವೇಶವೂ ಹೆಣೆದುಕೊಂಡಿದ್ದ ಮಾಪಿಳ್ಳೆ ದಂಗೆಗಳನ್ನು ಅಡಗಿಸಲು 1854ರಲ್ಲಿ ಎರಡು ಕಾಯಿದೆಗಳು ಬಂದವು. ಅವುಗಳಲ್ಲೊಂದು ಯುದ್ಧಕತ್ತಿಯನ್ನು ಇಟ್ಟುಕೊಳ್ಳುವುದನ್ನೇ ಅಪರಾಧವಾಗಿಸಿತು. ಕಲೆಕ್ಟರ್ ಕೊನೊಲಿ ಊರೂರು ತಿರುಗಿ ಕೆಲವೇ ವಾರಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಕತ್ತಿಗಳನ್ನು ಒಪ್ಪಿಸಿಕೊಂಡನು. 1855ರ ಸೆಪ್ಟೆಂಬರ್ 11ರಂದು, ಕೋಳಿಕ್ಕೋಡಿನ ತನ್ನ ಬಂಗಲೆಯಲ್ಲಿಯೇ ಅವನು ಕೊಲೆಯಾದನು. ಕತ್ತಿಗಳನ್ನು ಕಿತ್ತುಕೊಳ್ಳುವುದರಿಂದ ಅವುಗಳ ಹಿಂದಿನ ಅಸಮಾಧಾನ ಹೋಗಲಿಲ್ಲ.

ಇದರ ತೀರ ಎದುರು ಉದಾಹರಣೆ ಕೊಡಗಿನದು. ದೇಶದಲ್ಲಿ ನಿಶ್ಶಸ್ತ್ರೀಕರಣ ಕಾಯಿದೆ ಜಾರಿಯಾದಾಗ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗರಿಗೆ ಅದರಿಂದ ವಿನಾಯಿತಿ ಕೊಟ್ಟನು. ಏಳೇ ವರ್ಷಗಳ ಅಂತರದಲ್ಲಿ, ಒಂದೇ ಘಟ್ಟದ ಎರಡು ಮಗ್ಗುಲುಗಳಲ್ಲಿ, ಒಂದು ಕತ್ತಿ ಅಪರಾಧವಾಯಿತು, ಇನ್ನೊಂದು ಗೌರವವಾಯಿತು. ಇಲ್ಲಿ ಸರಕಾರವು ಪರೀಕ್ಷಿಸಿದ್ದು ಕತ್ತಿಯನ್ನಲ್ಲ, ಅದನ್ನು ಧರಿಸಿದವನನ್ನು.

ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆ ಹೆಚ್ಚು ಸಮಂಜಸವಾದ ಪ್ರಶ್ನೆ ಕೇಳಿತೆಂದು ನಮ್ಮ ಅಭಿಪ್ರಾಯ. ಕೇವಲ ಮನೆಯ ಅಥವಾ ಕೃಷಿಯ ಬಳಕೆಗಾಗಿ ರೂಪಿಸಿದ ವಸ್ತುಗಳನ್ನು ಅದು ಆಯುಧದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. 1962ರ ನಿಯಮಗಳು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಕತ್ತಿಗಳನ್ನು ಆಯುಧಗಳ ಪಟ್ಟಿಗೆ ಸೇರಿಸುವಾಗಲೂ ಗೃಹಕೃತ್ಯ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವುಗಳನ್ನು ಬಿಟ್ಟುಕೊಟ್ಟವು. ಎಂದರೆ ಕಾನೂನು ಕೇಳುವುದು "ಇದನ್ನು ಯಾತಕ್ಕಾಗಿ ಮಾಡಿದ್ದು?" ಎಂದು. ಆ ಸಂಜೆ ಹುಡುಗನ ತಂದೆ ನಮಗೆ ಹೇಳಿದ್ದೂ ಅದನ್ನೇ. ನಮ್ಮ ಕನ್ನಡದಲ್ಲಿ ಕತ್ತಿ ಮಸೆಯುವುದೆಂದರೆ ಹಗೆ ಸಾಧಿಸುವುದೆಂದೇ ಅರ್ಥ. ಬೆಳಗ್ಗೆ ಕಲ್ಲಿನ ಮುಂದೆ ಕುಳಿತು ಕತ್ತಿ ಮಸೆದು ತೋಟಕ್ಕೆ ಹೊರಟವನನ್ನು ನಮ್ಮ ನುಡಿಗಟ್ಟು ಮರೆತುಬಿಟ್ಟಿದೆ.

ಈಗ ಆ ಕತ್ತಿ ಸೊಂಟದಿಂದ ಇಳಿಯುತ್ತಿದೆ. ಯಾರೂ ನಿಷೇಧಿಸಿ ಅಲ್ಲ. 1916ರಲ್ಲಿ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ 1970ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾದ ನಮ್ಮ ಸಿ.ಪಿ.ಸಿ.ಆರ್.ಐ. ಇರುವ ನಾಡಿದು. ತೆಂಗಿನ ಮರಕ್ಕೆ ಹತ್ತುವ ಯಂತ್ರ ಬಂತು. ಅಡಿಕೆಗೆ ಫೈಬರ್ ದೋಟಿ ಬಂತು, ನೆಲದಲ್ಲಿ ನಿಂತೇ ಗೊನೆ ಇಳಿಸಬಹುದು. ಸೊಪ್ಪಿನ ಬದಲು ಚೀಲದ ಗೊಬ್ಬರ, ಕತ್ತಿಯ ಬದಲು ಹುಲ್ಲು ಕತ್ತರಿಸುವ ಮೆಷಿನು. ಮರದಿಂದ ಬಿದ್ದು ನಡು ಮುರಿದುಕೊಂಡು ಜೀವಮಾನವಿಡೀ ಮಲಗಿದವರನ್ನು ಕಂಡ ನಾವು ಈ ಬದಲಾವಣೆಯನ್ನು ಎಂದಿಗೂ ಹಳಿಯಲಾರೆವು. ಹತ್ತುವ ಕಷ್ಟ ತಪ್ಪಿದ್ದು ಒಳಿತೇ ಆಯಿತು. ಆದರೆ ಕಷ್ಟದ ಜತೆಗೆ ಅದನ್ನು ಗೆಲ್ಲಲು ತಲೆಮಾರುಗಳು ಕಂಡುಕೊಂಡ ತಿಳಿವಳಿಕೆಯೂ ಹೋಗಬೇಕೆಂದಿಲ್ಲ. ಕುಲುಮೆಗಳ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಹದದ ಬಣ್ಣವನ್ನು ಕಣ್ಣಿನಿಂದ ಅರಿತವರು ಒಬ್ಬೊಬ್ಬರಾಗಿ ತೆರಳುತ್ತಿದ್ದಾರೆ.

ಆದುದರಿಂದ ಸಂಘದ ಸದಸ್ಯರಲ್ಲಿ ನಮ್ಮದೊಂದು ಸಣ್ಣ ವಿನಂತಿ. ಮುಂದಿನ ಸಮ್ಮೇಳನಕ್ಕೆ ಪ್ರತಿ ಮನೆಯಿಂದಲೂ ಅಟ್ಟದ ಮೇಲಿನ ಹಳೆಯ ಕತ್ತಿ, ಕೊಕ್ಕೆಗಳನ್ನು ತನ್ನಿ. ಮೇಜಿನ ಮೇಲಿಟ್ಟು ಒಂದು ಚೀಟಿಯಲ್ಲಿ ಬರೆಯೋಣ: ಮನೆಯಲ್ಲಿ ಅದರ ಹೆಸರೇನು, ಯಾವ ಊರಿನ ಕುಲುಮೆಯದು, ಯಾವ ಕೆಲಸಕ್ಕಾಗಿ ಮಾಡಿಸಿದ್ದು, ಕೊನೆಯದಾಗಿ ಬಳಸಿದವರು ಯಾರು. ಕನ್ನಡ, ತುಳು, ಮಲಯಾಳ, ಮರಾಟಿ, ಕೊಂಕಣಿ, ಯಾವ ಮಾತಿನ ಹೆಸರಾದರೂ ಸರಿ, ಹಾಗೆಯೇ ಬರೆಯೋಣ. ನವರಾತ್ರಿಯ ಆಯುಧಪೂಜೆಯಂದು ಕುಂಕುಮ ಹಚ್ಚಿ ನಮಸ್ಕರಿಸುವ ವಸ್ತುವಿಗೆ ಒಂದು ಪುಟದ ಚರಿತ್ರೆಯಾದರೂ ಸಲ್ಲಬೇಕಷ್ಟೆ.

ಅಂದು ನಾವು ಬೀಗ ತೆಗೆದು ಕತ್ತಿಯನ್ನು ಕೊಟ್ಟಾಗ ಆ ತಂದೆ ಹೆಬ್ಬೆರಳನ್ನು ಅಲಗಿನ ಬಾಯಿಗೆ ಮೆಲ್ಲನೆ ಅಡ್ಡ ಹಿಡಿದು ನೋಡಿದರು. ಹದ ಕೆಟ್ಟಿರಲಿಲ್ಲ. ಬೆನ್ನ ಹಿಂದೆ ಕೈ ಕೊಂಡುಹೋಗಿ, ನೋಡದೆಯೇ ಅದನ್ನು ಕೊಕ್ಕೆಗೆ ಸಿಕ್ಕಿಸಿ, "ಬರುತ್ತೇನೆ ಮಾಷ್ಟ್ರೇ" ಎಂದು ಇಳಿದು ಹೋದರು. ಚರಿತ್ರೆಯನ್ನು ಕಲಿಸುತ್ತಿದ್ದ ನಮಗೆ ಆ ದಿನ ಅವರು ಕಲಿಸಿದ ಪಾಠವನ್ನು ಇಷ್ಟು ತಡವಾಗಿ ಒಪ್ಪಿಸುತ್ತಿದ್ದೇವೆ.